ಹೆದ್ದಾರಿ ಬಿಟ್ಟು ಹೊಳೆ ಹಿಡಿದು

ಮಲೆನಾಡಿನ ಸೈಕಲ್ ಪ್ರವಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳಿದ್ದು ಒಂದೇ ಮಾತು. ಲಾರಿ, ಬಸ್ಸಿನ ಕಾಟವಿಲ್ಲದೆ, ಹೊಳೆ ನೋಡಿಕೊಂಡು, ನಿಧಾನಕ್ಕೆ ತುಳಿಯುತ್ತಾ ಹೋಗುವ ದಾರಿ ಎಲ್ಲಿದೆ? ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಮೇಡಂ, ನನ್ನ ಮಗ ಆಸ್ಟ್ರಿಯಾದಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಡ್ಯಾನ್ಯೂಬ್ ನದಿ ಪಕ್ಕದಲ್ಲಿ ಪಸಾವ್‌ನಿಂದ ವಿಯೆನ್ನಾವರೆಗೆ ಸೈಕಲ್ಲಿನಲ್ಲಿ ಹೋಗಿ ಬಂದ. ದಾರಿಯಲ್ಲಿ ಕಾರೇ ಕಾಣಲಿಲ್ಲ ಅಂತಾನೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತಾನೆ. ನಮ್ಮ ತುಂಗಾ, ಭದ್ರಾ ಪಕ್ಕ ಅಂಥ ದಾರಿ ಇದೆಯೇ?
— ಒಬ್ಬ ತಾಯಿ, ದಾವಣಗೆರೆ

ಅಂಥದ್ದೇ ದಾರಿ ಇಲ್ಲಮ್ಮ. ಯಾಕಿಲ್ಲ ಅಂತ ಗೊತ್ತಾದರೆ ನಮ್ಮಲ್ಲಿ ಏನಿದೆ ಅನ್ನೋದೂ ಗೊತ್ತಾಗುತ್ತೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಿಮ್ಮ ಮಗ ಹೋದ ದಾರಿಯ ಎಷ್ಟೋ ಭಾಗ ಹಿಂದೆ ಕುದುರೆಗಳು ನಡೆಯುತ್ತಿದ್ದ ದಾರಿ. ಎಂಜಿನ್ ಬರುವ ಮೊದಲು ಸರಕಿನ ದೋಣಿಗಳಿಗೆ ಹಗ್ಗ ಕಟ್ಟಿ, ದಡದ ಮೇಲೆ ಕುದುರೆಗಳಿಂದ ಎಳೆಸಿ, ನೀರಿನ ಸೆಳೆತಕ್ಕೆ ಎದುರಾಗಿ ತರುತ್ತಿದ್ದರು. ಹಾಗಾಗಿ ದಡದುದ್ದಕ್ಕೂ ಮಟ್ಟಸವಾದ ದಾರಿ ತಾನಾಗಿ ಉಳಿಯಿತು. ಸೈಕಲ್ಲಿನವರಿಗೆ ಅದು ಸಿಕ್ಕ ಆಸ್ತಿ. ಬೇರೆ ಕಡೆ ನಿಂತುಹೋದ ರೈಲು ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದೂ ಇದೆ. ನಮ್ಮಲ್ಲಿ ಈ ಎರಡೂ ಇಲ್ಲ. ತುಂಗೆ ಬಂಡೆಗಳ ಹೊಳೆ, ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬಂಡೆ ತೋರಿಸುವವಳು. ಅವಳ ಮೇಲೆ ಸರಕಿನ ದೋಣಿಯನ್ನು ಮೇಲಕ್ಕೆ ಎಳೆದವರಿಲ್ಲ. ಶಿವಮೊಗ್ಗ–ತಾಳಗುಪ್ಪ ರೈಲು ದಾರಿ ಬ್ರಾಡ್‌ಗೇಜ್ ಆಗಿ ಇವತ್ತಿಗೂ ರೈಲು ಓಡುತ್ತಿದೆ, ಅದು ಓಡಲಿ.

ಇನ್ನೊಂದು ವಿಷಯ. ಮಲೆನಾಡಿನಲ್ಲಿ ಹೊಳೆ ಪಕ್ಕದ ರಸ್ತೆ ಅಂದರೆ ಸಮತಟ್ಟು ಅಂದುಕೊಳ್ಳಬೇಡಿ. ಪ್ರತಿ ಎರಡು ಗುಡ್ಡದ ನಡುವೆ ಒಂದು ಹಳ್ಳ ಬಂದು ಹೊಳೆ ಸೇರುತ್ತೆ. ರಸ್ತೆ ಆ ಹಳ್ಳಕ್ಕೆ ಇಳಿಯಬೇಕು, ಮೋರಿ ದಾಟಬೇಕು, ಮತ್ತೆ ಏರಬೇಕು. ಬೆಳಿಗ್ಗೆ ಹೊತ್ತು ಮೋರಿ ಹತ್ತಿರ ಹೋದಾಗ ಮುಖಕ್ಕೆ ತಣ್ಣನೆ ಗಾಳಿ ಹೊಡೆಯುತ್ತೆ, ಒದ್ದೆ ಎಲೆಯ ವಾಸನೆ ಬರುತ್ತೆ, ಎರಡು ಸೆಕೆಂಡು ಅಷ್ಟೇ, ಆಮೇಲೆ ಎದುರಿಗೆ ಗೋಡೆ ಹಾಗೆ ಏರು. ಗೇರ್ ಆ ಮೋರಿಯಲ್ಲೇ ಇಳಿಸಿರಬೇಕು. ಏರಿನ ಮಧ್ಯೆ ಬದಲಿಸಲು ಹೋದರೆ ಚೈನು ಕರಕರ ಅಂದು ಕೆಳಗೆ ಬೀಳುತ್ತೆ. ಒಂದು ಬೆಳಿಗ್ಗೆಯಲ್ಲಿ ಇಂಥ ಹತ್ತು ಹದಿನೈದು ಹಳ್ಳ ಸಿಕ್ಕರೆ 40 ಕಿಲೋಮೀಟರ್ ದಾರಿ ಬಯಲುಸೀಮೆಯ 80ರ ಲೆಕ್ಕ. ನಿಮ್ಮ ಮಗನಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಾಗಾದರೆ ನಮ್ಮಲ್ಲಿ ಇರೋದೇನು? ಆಚೆ ದಡ. ಇಷ್ಟು ವರ್ಷ ಸುತ್ತಿ ನಾನು ಕಂಡುಕೊಂಡಿದ್ದು ಇದೊಂದೇ. ನಮ್ಮ ದೊಡ್ಡ ರಸ್ತೆಗಳು ಹೊಳೆಯ ಒಂದು ದಡ ಹಿಡಿದು ಹೋಗುತ್ತವೆ. ಲಾರಿ, ಬಸ್ಸು, ಟೂರಿಸ್ಟ್ ಟಿಟಿ, ಎಲ್ಲ ಅಲ್ಲೇ. ಆಚೆ ದಡದಲ್ಲಿ ಊರಿಂದ ಊರಿಗೆ ಹೋಗುವ ಸಣ್ಣ ಡಾಂಬರು ರಸ್ತೆ ಇರುತ್ತೆ. ಅಲ್ಲಿ ಓಡಾಡೋದು ಹಾಲು ಡೈರಿಗೆ ಹೋಗುವ ಬೈಕು, ಶಾಲೆ ಮಕ್ಕಳ ವ್ಯಾನು, ತೋಟಕ್ಕೆ ಗೊಬ್ಬರ ತರುವ ಟ್ರಾಕ್ಟರ್, ದಿನಕ್ಕೆ ಎರಡು ಸಲ ಬರುವ ಖಾಸಗಿ ಬಸ್ಸು. ಅಷ್ಟೇ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯನ್ನೇ ನೋಡಿ. ಗಾಜನೂರು ಡ್ಯಾಂ, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಹಕ್ಕಿಗಳು, ನೋಡುವಂಥದ್ದೆಲ್ಲ ಆ ರಸ್ತೆ ಪಕ್ಕದಲ್ಲೇ ಇದೆ. ಆದರೂ ಸೈಕಲ್ಲಿನಲ್ಲಿ ಆ 60 ಕಿಲೋಮೀಟರ್ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ತಿರುವಿನಲ್ಲಿ ಹಿಂದಿನಿಂದ ಲಾರಿ ಬಂದರೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ತುಳಿಯಿರಿ.

ನಿಮ್ಮ ಮಗನಿಗೆ ಮೂರು ದಿನದ ಲೆಕ್ಕ ಹೇಳುತ್ತೇನೆ. ಮೊದಲ ದಿನ ಕಾಲು ಸಡಿಲ ಮಾಡಿಕೊಳ್ಳಲು ಶಿವಮೊಗ್ಗದಿಂದ ಕೂಡ್ಲಿ, ಸುಮಾರು 16 ಕಿ.ಮೀ. ತುಂಗೆ ಭದ್ರೆ ಸೇರುವ ಜಾಗ. ಗದ್ದೆ ಬಯಲು, ಏರು ಇಲ್ಲ. ಹೊಳೆ ಮಧ್ಯೆ ನಿಂತರೆ ಎರಡು ನೀರಿನ ಬಣ್ಣ ಬೇರೆ ಕಾಣುವ ದಿನಗಳೂ ಇವೆ. ಈ ಬಯಲಿನಲ್ಲಿ ನಾಲೆ ಏರಿಯ ಮೇಲೂ ತುಳಿಯಬಹುದು. ನೀರು ತಾನಾಗಿ ಹರಿಯಬೇಕಲ್ವಾ, ಅದಕ್ಕೆ ನಾಲೆ ಏರಿಯ ಇಳಿಜಾರು ಕಣ್ಣಿಗೇ ಕಾಣುವುದಿಲ್ಲ. ನಮ್ಮ ಕಡೆ ಡ್ಯಾನ್ಯೂಬ್ ದಾರಿಗೆ ಹತ್ತಿರ ಬರುವಂಥದ್ದು ಏನಾದರೂ ಇದ್ದರೆ ಅದು ನಾಲೆ ಏರಿ. ನಿಮ್ಮ ದಾವಣಗೆರೆ ಗದ್ದೆಗೆ ಬರುವ ಭದ್ರಾ ನಾಲೆಗೂ ಇದೇ ಮಾತು. ಆದರೆ ತಡೆಗೋಡೆ ಇಲ್ಲ, ನೀರು ಬಿಟ್ಟಾಗ ಸೆಳೆತ ಜೋರು, ಕಾಂಕ್ರೀಟ್ ಬದಿ ಜಾರುತ್ತೆ, ಬಿದ್ದವರು ಮೇಲೆ ಬರೋದು ಕಷ್ಟ. ಮಕ್ಕಳನ್ನು ಕರೆದುಕೊಂಡು ಬೇಡ, ಕತ್ತಲಾದ ಮೇಲೆ ಯಾರೂ ಬೇಡ.

ಎರಡನೇ ದಿನ ತೀರ್ಥಹಳ್ಳಿಯಲ್ಲಿ ಉಳಿದುಕೊಂಡು ಚಿಬ್ಬಲಗುಡ್ಡೆ. ತುಂಗೆಯ ಮಡುವಿನಲ್ಲಿ ದೊಡ್ಡ ದೊಡ್ಡ ಮೀನು, ಯಾರೂ ಹಿಡಿಯುವಂತಿಲ್ಲ. ಮೂರನೇ ದಿನ ಕುಪ್ಪಳಿ, ಒಂದು ಕಡೆಗೆ ಸುಮಾರು 18 ಕಿ.ಮೀ. ಕೊಪ್ಪ ರಸ್ತೆಯಲ್ಲಿ ವಾಹನ ಇದ್ದೇ ಇದೆ, ಆದರೆ ಆರಕ್ಕೆ ಹೊರಟು ಎಂಟರೊಳಗೆ ಮುಟ್ಟಿದರೆ ದಾರಿ ನಿಮ್ಮದೇ. ಕುವೆಂಪು ಮನೆ ಬಾಗಿಲು ತೆಗೆಯುವವರೆಗೆ ಕವಿಶೈಲದ ಮೇಲೆ ಕೂತಿರಿ. ಒಂದೇ ಎಚ್ಚರಿಕೆ: ಎಳ್ಳಮಾವಾಸ್ಯೆ ಜಾತ್ರೆ ದಿನಗಳಲ್ಲಿ ತೀರ್ಥಹಳ್ಳಿಗೆ ಸೈಕಲ್ ತರಬೇಡಿ. ಜಾತ್ರೆಗೇ ಬರುವುದಾದರೆ ಬಸ್ಸಿನಲ್ಲಿ ಬನ್ನಿ, ನೋಡುವಂಥದ್ದೇ.

ನನಗೆ 61. ನಿವೃತ್ತನಾದ ಮೇಲೆ ಹಳೇ ಅಟ್ಲಾಸ್ ಸೈಕಲ್ ಒರೆಸಿ ಇಟ್ಟಿದ್ದೇನೆ. ಊರೊಳಗೆ ಆರಾಮಾಗಿ ಓಡಿಸುತ್ತೇನೆ. ಇದರಲ್ಲೇ ಮಲೆನಾಡು ಸುತ್ತಬಹುದೇ, ಹೊಸದು ಬೇಕೇ? ಮಂಡಿ ಸ್ವಲ್ಪ ನೋವಿದೆ.
— ನಿವೃತ್ತ ನೌಕರರು, ಭದ್ರಾವತಿ

ಕೂಡ್ಲಿ, ಲಕ್ಕವಳ್ಳಿ ಕಡೆಯ ಬಯಲಿಗೆ ಅಟ್ಲಾಸ್ ಸಾಕು ಸರ್. ಏರಿಗೆ ಬೇಡ. ಆ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರದಲ್ಲಿ ಹಿಂದಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಹಲ್ಲು ಇರುತ್ತವೆ. ಅಂದರೆ ನೀವು ಪೆಡಲ್ ಒಂದು ಸುತ್ತು ತಿರುಗಿಸಿದರೆ ಚಕ್ರ ಎರಡೂವರೆ ಸುತ್ತು ತಿರುಗಬೇಕು. ಮಟ್ಟಸ ರಸ್ತೆಯಲ್ಲಿ ಅದು ಚೆಂದ. ಏರಿನಲ್ಲಿ ಆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತೆ. ಮಲೆನಾಡಿಗೆ ಒಂದಕ್ಕೆ ಒಂದು ಬೇಕು, ಮುಂದೆ 32 ಹಲ್ಲು ಇದ್ದರೆ ಹಿಂದೆ 32 ಅಥವಾ 34. ಅಂಗಡಿಯವರು 21 ಗೇರ್, 24 ಗೇರ್ ಅಂತ ಸಂಖ್ಯೆ ಹೇಳುತ್ತಾರೆ. ಅದನ್ನು ಬಿಡಿ. ಅತಿ ಸಣ್ಣ ಗೇರಿನಲ್ಲಿ ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು ಅಂತ ಅಷ್ಟೇ ಕೇಳಿ, ನಂಬಿಕೆ ಇಲ್ಲದಿದ್ದರೆ ಎಣಿಸಿ.

ಸೀಟಿನ ಎತ್ತರವೂ ಮುಖ್ಯ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೇರ ಆಗಬೇಕು. ನಮ್ಮಲ್ಲಿ ಮುಕ್ಕಾಲು ಜನ ಸೀಟು ತಗ್ಗಿಸಿಕೊಂಡೇ ಓಡಿಸುತ್ತಾರೆ, ನೆಲಕ್ಕೆ ಕಾಲು ಸಿಗಲಿ ಅಂತ. ಮಂಡಿ ನೋವು ಅಲ್ಲಿಂದಲೇ ಶುರು. ಟೈರು ಒಂದೂಮುಕ್ಕಾಲು ಇಂಚಿನದು ಹಾಕಿಸಿ, ಸಪೂರ ಟೈರು ನಮ್ಮ ಒಳರಸ್ತೆಗೆ ಆಗಿಬರುವುದಿಲ್ಲ. ಏರು ಜಾಸ್ತಿ ಆದರೆ ಇಳಿದು ತಳ್ಳಿ. ನಾನೂ ತಳ್ಳುತ್ತೇನೆ. ಮಂಡಿ ಊದಿಕೊಳ್ಳುವ ನೋವಾಗಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ಅಕ್ಕ, ನಾನು, ನನ್ನ ಗೆಳತಿ ಇಬ್ಬರೂ ಡಿಗ್ರಿ ಓದುತ್ತಿದ್ದೇವೆ. ಸಾಗರದಿಂದ ತುಮರಿ ಕಡೆ ಸೈಕಲ್ಲಿನಲ್ಲಿ ಹೋಗಬೇಕು ಅಂತ ಆಸೆ. ಮನೆಯಲ್ಲಿ ಇಬ್ಬರೇ ಹುಡುಗಿಯರು ಬೇಡ ಅಂತಾರೆ. ಏನು ಮಾಡೋದು?
— ವಿದ್ಯಾರ್ಥಿನಿ, ಸಾಗರ

ಮನೆಯವರ ಹೆದರಿಕೆಗೆ ಸಿಟ್ಟಾಗಬೇಡಿ ತಂಗಿ. ಅವರಿಗೆ ದಾರಿ ಗೊತ್ತಿಲ್ಲ, ಅದಕ್ಕೆ ಹೆದರಿಕೆ. ಮೊದಲು ಅರ್ಧ ದಿನದ ಸುತ್ತು ಮಾಡಿ ತೋರಿಸಿ. ಸಾಗರದಿಂದ ಇಕ್ಕೇರಿ 6 ಕಿ.ಮೀ. ಅಘೋರೇಶ್ವರನ ಗುಡಿ ನೋಡಿಕೊಂಡು ವರದಾಮೂಲಕ್ಕೆ ಹೋಗಿ, ವರದಾ ನದಿ ಹುಟ್ಟುವ ಜಾಗ, ತಣ್ಣನೆ ಕೊಳ. ಅಲ್ಲಿಂದ ಮನೆಗೆ ಬಂದು ಊಟ ಮಾಡಿ. ಮುಂದಿನ ವಾರ ಕೆಳದಿ. ಊರುಗಳು ಹತ್ತಿರ ಹತ್ತಿರ ಇವೆ, ಏರು ಇಳಿವು ಇದ್ದರೂ ಸಣ್ಣವು, ವಾಹನ ಕಡಿಮೆ. ಸೈಕಲ್ ಪ್ರವಾಸ ಶುರು ಮಾಡುವವರಿಗೆ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ನಾಲ್ಕು ಸಲ ಹೊತ್ತಿಗೆ ಸರಿಯಾಗಿ ಮನೆಗೆ ಬಂದರೆ ಐದನೇ ಸಲ ಅಮ್ಮನೇ ಬುತ್ತಿ ಕಟ್ಟಿ ಕಳಿಸುತ್ತಾರೆ.

ತುಮರಿ ವಿಷಯಕ್ಕೆ ಬರೋಣ. ಅಲ್ಲಿ ಈಗ ಲೆಕ್ಕ ಬದಲಾಗಿದೆ. ಮೊದಲು ಶರಾವತಿ ಹಿನ್ನೀರು ದಾಟಲು ಲಾಂಚ್ ಇತ್ತು, ಒಂದು ಸಲಕ್ಕೆ ಇಷ್ಟೇ ವಾಹನ ಅಂತ ದಾಟುತ್ತಿದ್ದವು, ಆಚೆ ಕಡೆಯ ರಸ್ತೆ ಸೈಕಲ್ಲಿಗೆ ಅಂತಲೇ ಬಿಟ್ಟ ಹಾಗೆ ಇರುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು, 2.44 ಕಿ.ಮೀ. ಉದ್ದದ್ದು. ಅಲ್ಲಿಯ ಜನ ಅದಕ್ಕಾಗಿ ಎಷ್ಟು ವರ್ಷ ಕಾದಿದ್ದಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಲಾಂಚ್ ಇಲ್ಲದೆ ಒದ್ದಾಡಿದ ಮನೆಗಳವು. ಸೇತುವೆ ಬಂದಿದ್ದು ತುಂಬಾ ಒಳ್ಳೆಯದಾಯಿತು. ಸೈಕಲ್ಲಿನವರು ಅದಕ್ಕೆ ಹೊಂದಿಕೊಳ್ಳಬೇಕು, ಅಷ್ಟೇ. ಆಚೆ ಕಡೆಯ ಸಿಗಂದೂರು ದೇವಿ ಗುಡಿಗೆ ಜನ ಹೆಚ್ಚು ಬರುವ ಮಂಗಳವಾರ, ಶುಕ್ರವಾರ, ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಸೇತುವೆ ಮೇಲೆ ಅಡ್ಡಗಾಳಿ ಬೀಸುತ್ತೆ, ಹ್ಯಾಂಡಲ್ ಗಟ್ಟಿ ಹಿಡಿಯಿರಿ, ಫೋಟೋಕ್ಕೆ ಅಂತ ದಾರಿ ಮಧ್ಯೆ ನಿಲ್ಲಬೇಡಿ.

ಹಿನ್ನೀರಿನ ಕಡೆ ಫೋನಿನ ಮ್ಯಾಪನ್ನು ಪೂರ್ತಿ ನಂಬಬೇಡಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಊರುಗಳ ಜೊತೆ ರಸ್ತೆಗಳೂ ಮುಳುಗಿದವು. ಮ್ಯಾಪಿನಲ್ಲಿ ಚೆಂದದ ಗೆರೆ ಕಾಣುತ್ತೆ, ಹೋಗಿ ನೋಡಿದರೆ ಡಾಂಬರಿನ ಹಳೇ ತುಂಡು ನೇರ ನೀರಿಗೆ ಇಳಿದಿರುತ್ತೆ. ನಾನು ಒಂದು ಸಂಜೆ ಹಾಗೆ ನಿಂತಿದ್ದೆ. ಮೈಲಿಗಲ್ಲು ಅರ್ಧ ನೀರಿನೊಳಗೆ, ಅದರ ತಲೆ ಮೇಲೆ ಒಂದು ನೀರುಕಾಗೆ ರೆಕ್ಕೆ ಒಣಗಿಸುತ್ತಾ ಕೂತಿತ್ತು. ವಾಪಸು 9 ಕಿಲೋಮೀಟರ್ ಕತ್ತಲಲ್ಲಿ ಬರಬೇಕಾಯಿತು. ಹಾಗಾಗಿ ಪ್ರತಿ ಕವಲಿನಲ್ಲೂ ಒಬ್ಬರನ್ನು ಕೇಳಿ. ಹಸಿರುಮಕ್ಕಿ ಕಡೆ ಹೋಗುವುದಾದರೆ ದಾಟುವುದು ಹೇಗೆ ಅಂತ ಹೊರಡುವ ಮೊದಲೇ ವಿಚಾರಿಸಿ, ಬೇಸಿಗೆಯಲ್ಲಿ ನೀರಿಳಿದಾಗ ಅಲ್ಲಿ ಲಾಂಚ್ ನಿಂತಿದ್ದು ಎಷ್ಟೋ ಸಲ ಇದೆ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಹಿಡಿದು ನಡೆಯಿರಿ. ನೀವು ಓಡದಿದ್ದರೆ ಅದಕ್ಕೆ ಅಟ್ಟುವ ಹುಮ್ಮಸ್ಸು ಇರುವುದಿಲ್ಲ. ಸಂಜೆ ಐದರ ಮೇಲೆ ಕಾಡಿನ ದಾರಿಯಲ್ಲಿ ಇರಬೇಡಿ, ಇದು ಹುಡುಗಿಯರಿಗೆ ಅಂತ ಹೇಳುತ್ತಿಲ್ಲ, ಎಲ್ಲರಿಗೂ ಹೇಳುತ್ತೇನೆ. ಕಾಟಿ, ಆನೆ ಓಡಾಡುವ ಹೊತ್ತು ಅದು.

ಮಳೆಗಾಲದಲ್ಲಿ ಆಗುಂಬೆಗೆ ಸೈಕಲ್ಲಿನಲ್ಲಿ ಹೋಗಬಹುದಾ?
— ಓದುಗರು, ಚಿತ್ರದುರ್ಗ

ಬೇಡ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಾಗ ಅದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಘಾಟಿಯಲ್ಲಿ 14 ಹಿಮ್ಮುರಿ ತಿರುವು, ಮಂಜು ಕವಿದರೆ ಎದುರಿನ ಕಾರಿಗೆ ನೀವು ಕಾಣುವುದಿಲ್ಲ. ಒಳರಸ್ತೆಗಳೂ ಆಗ ಜಾರುತ್ತವೆ. ಮರದ ನೆರಳಿನ ಕಾಂಕ್ರೀಟ್ ರಸ್ತೆ ಮೇಲೆ ಹಾವಸೆ ಕಟ್ಟಿರುತ್ತೆ, ಹಸಿರಾಗಿ ಕಂಡರೆ ಪರವಾಗಿಲ್ಲ, ಕಪ್ಪಗೆ ಇದ್ದರೆ ಗೊತ್ತೇ ಆಗುವುದಿಲ್ಲ. ನಾನು ಹಾಗೆ ಬಿದ್ದು ಮೊಣಕೈ ಮುರಿದುಕೊಂಡಿದ್ದೇನೆ, ಬ್ರೇಕ್ ಹಿಡಿದಿದ್ದೇ ತಪ್ಪಾಯಿತು. ಅಕ್ಟೋಬರ್ ಕೊನೆಗೆ ಬನ್ನಿ. ಹಳ್ಳಗಳಲ್ಲಿ ಇನ್ನೂ ನೀರು ಇರುತ್ತೆ, ರಸ್ತೆ ಒಣಗಿರುತ್ತೆ, ಇಂಬಳ ಕಡಿಮೆಯಾಗಿರುತ್ತೆ. ಘಾಟಿ ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದಿಡಬೇಡಿ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ನಡುವೆ ನಿಂತು ರಿಮ್ಮಿನ ಹತ್ತಿರ ಕೈ ತನ್ನಿ, ಬಿಸಿ ತಾಗಿದರೆ ಆರುವವರೆಗೆ ಕೂತಿರಿ.

ಜನವರಿಯಲ್ಲಿ ಗೆಳೆಯರೊಂದಿಗೆ ಬರುತ್ತಿದ್ದೇವೆ. ಮಂಗನ ಕಾಯಿಲೆ ಭಯ ಇದೆಯಾ?
— ಓದುಗರು, ಹಾವೇರಿ

ಭಯ ಬೇಡ, ಎಚ್ಚರ ಬೇಕು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದರೆ ಬರುತ್ತೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸತ್ತಿದ್ದು ನಮಗೆಲ್ಲ ಇನ್ನೂ ನೆನಪಿದೆ. ರಸ್ತೆ ಮೇಲೆ ಸೈಕಲ್ ಓಡಿಸುತ್ತಾ ಹೋಗುವವರಿಗೆ ಅಪಾಯ ಕಡಿಮೆ. ಸುಸ್ತಾಯಿತು ಅಂತ ಕಾಡಿನ ಅಂಚಿನಲ್ಲಿ ತರಗೆಲೆ ಮೇಲೆ ಮಲಗುತ್ತಾರಲ್ಲ, ಅಲ್ಲಿದೆ ಅಪಾಯ. ಕೂರುವುದಾದರೆ ಮೋರಿ ಕಟ್ಟೆ ಮೇಲೆ, ಬಸ್ ಸ್ಟಾಪಿನಲ್ಲಿ ಕೂರಿ. ಉದ್ದ ಕಾಲುಚೀಲ ಹಾಕಿ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರು ಸ್ನಾನ, ಬಟ್ಟೆಗೂ ಬಿಸಿನೀರು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಊರಿಗೆ ಹೋದ ಮೇಲೆ ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತೇ ಮಲೆನಾಡಿಗೆ ಹೋಗಿದ್ದೆ ಅಂತ ಹೇಳಿ.

ಬೆಂಗಳೂರಿನಿಂದ ಸೈಕಲ್ ತರೋದು ಹೇಗೆ?
— ಓದುಗರು, ಬೆಂಗಳೂರು

ತಾಳಗುಪ್ಪ ರೈಲಿನಲ್ಲಿ ತನ್ನಿ. ಒಂದು ಗಂಟೆ ಮೊದಲೇ ಹೋಗಿ ಪಾರ್ಸೆಲ್ ಆಫೀಸಿನಲ್ಲಿ ಲಗೇಜ್ ಅಂತ ಬುಕ್ ಮಾಡಿ. ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಲ್ಲೋದು ಒಂದೆರಡು ನಿಮಿಷ, ಇಳಿಸಲು ಆಗದೇ ಹೋಗಬಹುದು. ಶಿವಮೊಗ್ಗಕ್ಕೋ ಕೊನೇ ಸ್ಟೇಷನ್ ತಾಳಗುಪ್ಪಕ್ಕೋ ಬುಕ್ ಮಾಡೋದು ಒಳ್ಳೆಯದು. ಬಸ್ಸಿನಲ್ಲಾದರೆ ಗೇರ್ ಇರುವ ಬದಿ ಮೇಲೆ ಬರುವ ಹಾಗೆ ಮಲಗಿಸಿ. ಒಂದು ಸಲ ನನ್ನ ಸೈಕಲ್ ಮೇಲೆ ಯಾರೋ ಅಡಿಕೆ ಮೂಟೆ ಎಸೆದು ಹಿಂದಿನ ಗೇರು ಒಳಕ್ಕೆ ಬಾಗಿತ್ತು, ಎರಡು ದಿನ ಹಾಳಾಯಿತು. ಅವತ್ತಿನಿಂದ ನಾನೇ ಹತ್ತಿ ಕಟ್ಟುತ್ತೇನೆ.

ನೀವು ಹೀಗೆ ಬರೆಯೋದು ನಿಲ್ಲಿಸಿ. ನಮ್ಮೂರಿನ ರಸ್ತೆ ಶಾಂತವಾಗಿತ್ತು. ಈಗ ಭಾನುವಾರ ಆದರೆ ಸೈಕಲ್ಲಿನವರ ಗುಂಪು. ತೋಟದೊಳಗೆ ನುಗ್ಗಿ ಫೋಟೋ ತೆಗೆಯುತ್ತಾರೆ. ಹೋದ ತಿಂಗಳು ಉಣುಗೋಲು ತೆಗೆದು ಹಾಗೇ ಬಿಟ್ಟು ಹೋದರು, ದನ ನುಗ್ಗಿ ಸಸಿ ತಿಂದವು.
— ಒಬ್ಬ ಕೃಷಿಕರು, ಕೊಪ್ಪ ತಾಲೂಕು

ನಿಮ್ಮ ಸಿಟ್ಟು ನ್ಯಾಯವಾದದ್ದು. ಈ ಪತ್ರ ನಾಲ್ಕು ಸಲ ಓದಿದೆ. ಮೇಲಿನ ಉತ್ತರಗಳಲ್ಲಿ ಎಲ್ಲರಿಗೂ ಗೊತ್ತಿರುವ ಜಾಗಗಳ ಹೆಸರು ಮಾತ್ರ ಇಟ್ಟು, ಆಚೆ ದಡದ ಸಣ್ಣ ರಸ್ತೆಗಳ ಹೆಸರು ಬರೆಯದಿದ್ದದ್ದು ಇದಕ್ಕೇ. ಹುಡುಕಿಕೊಂಡು ಬರುವವರು ಕೇಳಿಕೊಂಡು ಬರಲಿ, ಹಾಗೆ ಕೇಳಿ ಬಂದವರಿಗೆ ಊರಿನ ಜನರ ಮುಖ ಪರಿಚಯ ಆಗಿರುತ್ತೆ.

ಪೇಟೆಯಿಂದ ಬರುವವರಿಗೆ ಉಣುಗೋಲು ಅಂದರೆ ಏನು ಅಂತಲೇ ಗೊತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಎರಡು ಗೂಟಕ್ಕೆ ತೂತು ಕೊರೆದು ಅಡ್ಡಕ್ಕೆ ನಾಲ್ಕೈದು ಗಳ ತೂರಿಸಿರುತ್ತಾರೆ. ಅದು ಬಾಗಿಲು. ಗಳ ಸರಿಸಿ ಒಳಗೆ ಹೋದರೆ ಅಷ್ಟೂ ಗಳವನ್ನು ಮತ್ತೆ ತೂರಿಸಿಯೇ ಮುಂದೆ ಹೋಗಬೇಕು, ಕೆಳಗಿನದನ್ನೂ ಬಿಡಬಾರದು, ಕರು ಅಲ್ಲಿಂದಲೇ ನುಗ್ಗೋದು. ಅದಕ್ಕಿಂತ ಮೊದಲ ಮಾತು, ಮನೆಯವರನ್ನು ಕೇಳದೆ ಸರಿಸಲೇಬಾರದು. ಆಚೆ ದಾರಿ ಕಂಡರೂ ಅದು ಅವರ ತೋಟ. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ಅಡಿಕೆ ಒಣಗಲು ಹರಡಿರುತ್ತಾರೆ, ಅದರ ಮೇಲೆ ಸೈಕಲ್ ದಾಟಿಸಬೇಡಿ. ನೀರು ಬೇಕಾದರೆ ಅಂಗಳದ ಹೊರಗೆ ನಿಂತು ಕೂಗಿ. ನನಗೆ ಮಲೆನಾಡಿನಲ್ಲಿ ಯಾರೂ ಇಲ್ಲ ಅಂದಿದ್ದಿಲ್ಲ, ನೀರು ಕೇಳಿದರೆ ಮಜ್ಜಿಗೆಯನ್ನೇ ಕೊಟ್ಟಿದ್ದಾರೆ. ಗುಂಪು ಕಟ್ಟಿಕೊಂಡು ಬರುವುದಾದರೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಸ್ಪೀಕರ್ ತರಲೇಬೇಡಿ.

ನಿಮ್ಮ ಸಸಿಗಳನ್ನು ತಿನ್ನಿಸಿ ಹೋದವರು ಈ ಪುಟ ಓದುತ್ತಿದ್ದರೆ ಪತ್ರಿಕೆಗೆ ಬರೆಯಲಿ, ಅವರನ್ನು ನಿಮ್ಮ ಮನೆ ಬಾಗಿಲಿಗೆ ನಾನೇ ಕರೆದುಕೊಂಡು ಬರುತ್ತೇನೆ. ನಿಮ್ಮೂರಿನ ಹೆಸರು ನೀವು ಪತ್ರದಲ್ಲಿ ಬರೆದಿದ್ದಿರಿ, ಅದನ್ನು ತೆಗೆದು ಬರೀ ತಾಲೂಕು ಅಂತ ಹಾಕಿದ್ದೇನೆ.